ಶ್ರುತಿ ಕೂಡಿಸುವವರ ಗುಟ್ಟು

ನಮ್ಮ ಶಾಲೆಗೆ ಮೊದಲ ಕಂಪ್ಯೂಟರ್ ಬಂದ ದಿನಗಳು. ಕೀಲಿಮಣೆಯ ತಂತಿ ಸಡಿಲಾದರೆ ಸಾಕು, 'ಕೀಲಿಮಣೆ ಇಲ್ಲ. ಮುಂದುವರಿಯಲು ಎಫ್1 ಒತ್ತಿರಿ' ಎಂಬ ಇಂಗ್ಲಿಷ್ ಆಜ್ಞೆ ಪರದೆಯ ಮೇಲೆ ಮೂಡುತ್ತಿತ್ತು. ಇಲ್ಲದ ಕೀಲಿಮಣೆಯಲ್ಲಿ ಒತ್ತುವುದೇನನ್ನು ಎಂದು ನೀವೆಲ್ಲ ನಕ್ಕದ್ದು ನೆನಪಿದೆ. ಹಾಗೆ ಆಜ್ಞಾಪಿಸುತ್ತಿದ್ದುದು ಬಯೋಸ್ ಎಂಬ ಆರಂಭದ ತಂತ್ರಾಂಶ. ಅದರೊಳಗೇನಿದೆ ಎಂದು ಓದುವ ಅವಕಾಶ ಯಂತ್ರವನ್ನು ಕೊಂಡವರಿಗಿರಲಿಲ್ಲ.

ಅಮೆರಿಕದ ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯದ ರಾನ್ ಮಿನ್ನಿಚ್ ಅವರನ್ನು ಕಾಡಿದ್ದೂ ಇಂಥದೇ ಪೀಡೆ. ನೂರಾರು ಕಂಪ್ಯೂಟರುಗಳನ್ನು ಒಟ್ಟಿಗೆ ಜೋಡಿಸಿದಲ್ಲಿ ಒಂದೊಂದರ ಮುಂದೆಯೂ ಹೋಗಿ ನಿಂತು ಕೀಲಿ ಒತ್ತುವುದುಂಟೇ? 1999ರಲ್ಲಿ ಅವರು, ಯಾರೂ ಓದಿ ತಿದ್ದಬಹುದಾದ ಲಿನಕ್ಸ್‌ಬಯೋಸ್ ಅನ್ನು ಆರಂಭಿಸಿದರು. 2008ರಲ್ಲಿ ಅದಕ್ಕೆ ಕೋರ್‌ಬೂಟ್ ಎಂದು ಹೆಸರಾಯಿತು. ಯಂತ್ರವನ್ನು ಎಬ್ಬಿಸುವ ಕೆಲಸವನ್ನು ಲಿನಕ್ಸ್‌ಗೇ ಬಿಟ್ಟುಬಿಡಬಹುದೆಂಬುದು ಮೊದಲ ಎಣಿಕೆ. ಆದರೆ ಲಿನಕ್ಸ್‌ಗೆ ಕೂರಲು ಮೆಮೊರಿ ಬೇಕು. ವಿದ್ಯುತ್ ಹರಿದ ಗಳಿಗೆಯಲ್ಲಿ ಮೆಮೊರಿಯೇ ಸಿದ್ಧವಿರುವುದಿಲ್ಲ!

ಆಟಕ್ಕೆ ಮುನ್ನ ಮದ್ದಳೆಗಾರರು ಶ್ರುತಿ ಕೂಡಿಸುವುದನ್ನು ನೀವು ಚೌಕಿಯಲ್ಲಿ ಕಂಡಿದ್ದೀರಿ. ಇದೂ ಹಾಗೆಯೇ. ಮೆಮೊರಿ ಫಲಕದ ಮೇಲಿನ ಪುಟ್ಟ ಚಿಪ್ಪಿನಿಂದ ಅದರ ಗಾತ್ರ, ವೇಗಗಳನ್ನು ಓದಿಕೊಳ್ಳಬೇಕು. ಬಳಿಕ ಸಂಕೇತಗಳ ಕಾಲವನ್ನು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗಕ್ಕಿಂತಲೂ ಸೂಕ್ಷ್ಮವಾಗಿ ಸರಿಸಿ, ಬರೆದು, ಓದಿ, ತಪ್ಪಿದರೆ ಮತ್ತೆ ಸರಿಸಬೇಕು. ಇಂಗ್ಲಿಷಿನಲ್ಲಿ ಇದನ್ನು ಟ್ರೇನಿಂಗ್ ಎನ್ನುತ್ತಾರೆ. ಮಾಸ್ಟ್ರಾದ ನನಗೆ ಹೆಸರು ಹಿಡಿಸಿತು.

ಮೊದಮೊದಲು ಸ್ವಯಂಸೇವಕರು ಕೈಪಿಡಿಗಳನ್ನು ಓದಿ ಈ ಭಾಗವನ್ನು ತಾವೇ ಬರೆದರು. ಮೆಮೊರಿಯ ವೇಗ ಹೆಚ್ಚಿದಂತೆ ವಿದ್ಯೆ ಜಟಿಲವಾಯಿತು. ಇಂಟೆಲ್ ಮೂಲಪಾಠವನ್ನು ಕೊಡದೆ ಯಂತ್ರಭಾಷೆಯ ಗಂಟನ್ನಷ್ಟೇ ಕೊಟ್ಟಿತು: ಮೊದಲು ಎಂಆರ್‌ಸಿ, ಬಳಿಕ ಎಫ್‌ಎಸ್‌ಪಿ. ಬಿಚ್ಚದೆಯೇ ಅದನ್ನು ಕೋರ್‌ಬೂಟ್‌ನೊಳಗೆ ಇಟ್ಟುಕೊಳ್ಳಬೇಕು. ಎಎಂಡಿ 2011ರಲ್ಲಿ ತನ್ನ ಪಾಠವನ್ನು ತೆರೆದಿಟ್ಟಿತಾದರೂ ಕೆಲವೇ ವರ್ಷಗಳಲ್ಲಿ ಹೊಸ ಚಿಪ್ಪುಗಳ ಮಟ್ಟಿಗೆ ಬಾಗಿಲು ಹಾಕಿತು. ಎಂದೂ ತೆರೆಯದವರಿಗಿಂತ ಇವರ ಮೇಲೆಯೇ ನನಗೆ ಹೆಚ್ಚು ಬೇಸರ.

ಆದರೂ ಸೋಲದವರಿದ್ದರು. ವ್ಲಾದಿಮಿರ್ ಸೆರ್ಬಿನೆಂಕೊ ಎಂಬವರು, ಇಂಟೆಲ್‌ನ ಸ್ಯಾಂಡಿ ಬ್ರಿಜ್ ಮತ್ತು ಐವಿ ಬ್ರಿಜ್ ತಲೆಮಾರಿನ ಗಂಟು ಮಾಡುವ ಕೆಲಸವನ್ನು ಶೋಧಿಸಿ, 2014ರ ಸುಮಾರಿಗೆ ಅದೇ ಕೆಲಸದ ಮುಕ್ತ ಪಾಠವನ್ನು ಬರೆದುಕೊಟ್ಟರು. ಗುರುವಿಲ್ಲದೆ, ಹಿಮ್ಮೇಳದ ಹಿಂದೆ ಕುಳಿತು ಕೇಳಿಯೇ ಮದ್ದಳೆ ಕಲಿತಂತೆ.

ಬೆಂಗಳೂರಿನಲ್ಲಿ ಇದೇ ವೃತ್ತಿಯಲ್ಲಿರುವ ಶಿಷ್ಯನೊಬ್ಬ ಕಳೆದ ರಜೆಯಲ್ಲಿ ಮನೆಗೆ ಬಂದಿದ್ದ. "ಮಾಸ್ಟ್ರೇ, ಆ ಗಂಟಿನೊಳಗೆ ದೋಷವಿದ್ದರೆ ನಾವು ತಿದ್ದುವ ಹಾಗಿಲ್ಲ. ಅವರು ತಿದ್ದಿ ಕಳುಹಿಸುವವರೆಗೆ ಕಾಯಬೇಕು" ಎಂದ. ಹೋಗುವಾಗ ಕೋರ್‌ಬೂಟ್ ಹಾಕಿದ ಹಳೆಯ ಥಿಂಕ್‌ಪ್ಯಾಡ್ ಎಕ್ಸ್230 ಒಂದನ್ನು ಬಿಟ್ಟುಹೋದ. ಸೆರ್ಬಿನೆಂಕೊ ಅವರ ಪಾಠವೇ ಅದರ ಮೆಮೊರಿಯನ್ನು ಎಬ್ಬಿಸುತ್ತದೆ. ಈ ಬರಹವನ್ನು ಬೆರಳಚ್ಚಿಸಿದ್ದು ಅದರಲ್ಲಿಯೇ.