ಉಮರ್ಗಾ, ನಿಲಂಗಾ, ಉದಗೀರ ಪರಿಸರದಲ್ಲಿ ಮಕ್ಕಳೊಂದಿಗೆ ನಡೆಯಬಹುದಾದ ಬೆಟ್ಟದ ದಾರಿಗಳು

ಚಾರಣವೆಂದರೆ ಸಹ್ಯಾದ್ರಿ, ಇಲ್ಲವೇ ಮಲೆನಾಡು ಎಂಬ ಭಾವನೆ ನಮ್ಮ ಪಾಲಕರಲ್ಲಿ ಬಲವಾಗಿದೆ. ನಮ್ಮ ಸುತ್ತಲೂ ಬಾಲಾಘಾಟ ಶ್ರೇಣಿಯ ತಗ್ಗು ಬೆಟ್ಟಗಳಿವೆ. ಅವು ಎತ್ತರದಲ್ಲಿ ಹೆಮ್ಮೆಪಡುವಂಥವಲ್ಲ. ಆದರೆ ಮೂರನೆಯ ತರಗತಿಯ ಮಗುವೂ ಹತ್ತಿ ಇಳಿಯಬಹುದಾದಷ್ಟು ಸೌಮ್ಯವಾಗಿವೆ. ಬಯಲಲ್ಲಿ ಎರೆಮಣ್ಣು, ಅದರಡಿ ಕರಿಗಲ್ಲು. ಉದಗೀರ ಮತ್ತು ಬೀದರ ಕಡೆಗೆ ಸಾಗಿದಂತೆ ಮೇಲ್ಭಾಗದಲ್ಲಿ ಕೆಂಪು ಜಂಬಿಟ್ಟಿಗೆ ಕಲ್ಲು. ಬೀಡ ಜಿಲ್ಲೆಯಲ್ಲಿ ಇದೇ ಶ್ರೇಣಿಯಲ್ಲಿ ಹುಟ್ಟುವ ಮಂಜ್ರಾ ನದಿ ನಮ್ಮ ಹೊಲಗಳ ಪಕ್ಕದಲ್ಲೇ ಬೀದರ ಜಿಲ್ಲೆಗೆ ಹರಿದು ಹೋಗುತ್ತದೆ. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾಗುವವರೆಗೆ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯಲ್ಲಿಯೇ ಇದ್ದವು. ಗಡಿರೇಖೆ ಬಂದದ್ದು ಆಮೇಲೆ.

ಮೊದಲು ಹೇಳಬೇಕಾದದ್ದು ಹತ್ತಿಬೇಟ. ಉದಗೀರದಿಂದ ಸುಮಾರು 15 ಕಿ.ಮೀ. ದೂರದಲ್ಲಿ, ದೇವರ್ಜನ ಗ್ರಾಮದ ಸಮೀಪದಲ್ಲಿದೆ. ಬೆಟ್ಟದ ಮೇಲೆ ಗಂಗಾರಾಮ ಮಹಾರಾಜರ ಸಮಾಧಿಯಿದೆ. ಬಂಡೆಯಲ್ಲಿ ಕೊರೆದ ಗುಹೆಗಳಿವೆ. ಹೈದರಾಬಾದ ವಿಮೋಚನೆಯ ಹೋರಾಟದ ಕಾಲದಲ್ಲಿ ಹೋರಾಟಗಾರರಿಗೂ ರಜಾಕಾರರಿಗೂ ಇಲ್ಲಿ ಕಾಳಗ ನಡೆದಿತ್ತು. 1948ರ ಸಪ್ಟೆಂಬರ್ 17ರ ಬಗ್ಗೆ ಪ್ರತಿ ವರ್ಷ ಶಾಲೆಯ ಧ್ವಜಾರೋಹಣದಲ್ಲಿ ಭಾಷಣ ಮಾಡುವ ನಾವು, ಆ ಹೋರಾಟ ನಡೆದ ನೆಲಕ್ಕೆ ಮಕ್ಕಳನ್ನು ಕರೆದೊಯ್ಯುವುದು ವಿರಳ. ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ರಜಾಕಾರರ ದಿನಗಳಲ್ಲಿ ತಮ್ಮ ಹಿರಿಯರು ಯಾವ ಊರಿಗೆ ಹೋಗಿ ತಲೆಮರೆಸಿಕೊಂಡಿದ್ದರೆಂದು ಹೊರಡುವ ಮುನ್ನಾದಿನ ಕೇಳಿ ಬರೆದುಕೊಳ್ಳುವಂತೆ ಮಕ್ಕಳಿಗೆ ಹೇಳಬೇಕು. ಅಂಥ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಈಗ ಕೆಲವರೇ ಉಳಿದಿದ್ದಾರೆ.

ಹೆಸರಿನ ಮಾತೂ ಇದೆ. ಮರಾಠಿಯಲ್ಲಿ ‘ಬೇಟ’ ಎಂದರೆ ದ್ವೀಪ. ಹತ್ತಿಬೇಟದ ಸುತ್ತ ನೀರಿಲ್ಲ. ಚಾಕೂರ ತಾಲೂಕಿನ ವಡವಳ ನಾಗನಾಥದ ಗುಡ್ಡಕ್ಕೂ ‘ಬೇಟ’ ಎಂದೇ ಕರೆಯುತ್ತಾರೆ, ಅಲ್ಲಿಯೂ ನೀರಿಲ್ಲ. ಕನ್ನಡ ಮಾಧ್ಯಮದ ಮಗು ಈ ಪದವನ್ನು ಕೇಳಿದ ಕೂಡಲೇ ‘ಬೆಟ್ಟ’ ಎನ್ನುತ್ತದೆ. ನಮಗೂ ಹಾಗೆಯೇ ಕೇಳಿಸುತ್ತದೆ. ಮಕ್ಕಳು ಎರಡೂ ಅರ್ಥಗಳನ್ನು ಅರಿತು, ಸ್ಥಳವನ್ನು ಕಣ್ಣಾರೆ ಕಂಡು ತಾವೇ ಚರ್ಚಿಸಲಿ. ವಡವಳದ ಗುಡ್ಡ ಸುಮಾರು 3 ಕಿ.ಮೀ. ಉದ್ದವಾಗಿದ್ದು, ಔಷಧೀಯ ಸಸ್ಯಗಳಿಗೆ ಹೆಸರಾಗಿದೆ. ಗಿಡಗಳನ್ನು ನೋಡಿ ಹೆಸರು ಬರೆದುಕೊಳ್ಳಬೇಕು, ಕೀಳಬಾರದು.

ಉದಗೀರ ಪಟ್ಟಣದಲ್ಲಿಯೇ ಕೋಟೆಯಿದೆ. ನಾಲ್ಕನೆಯ ತರಗತಿಯ ಪರಿಸರ ಅಧ್ಯಯನದಲ್ಲಿ ಶಿವಾಜಿ ಮಹಾರಾಜರ ಚರಿತ್ರೆ ಓದುವ ಮಕ್ಕಳು ಬುರುಜು, ಕಂದಕ ಎಂಬ ಪದಗಳನ್ನು ಬಾಯಿಪಾಠ ಮಾಡುತ್ತಾರೆ. ಇಲ್ಲಿ ಸುಮಾರು 40 ಅಡಿ ಆಳದ ಕಂದಕವನ್ನು ಅಂಚಿನಿಂದ ನೋಡಬಹುದು. 1760ರಲ್ಲಿ ಸದಾಶಿವರಾವ ಭಾವೂ ನೇತೃತ್ವದ ಮರಾಠಾ ಸೈನ್ಯ ನಿಜಾಮನನ್ನು ಸೋಲಿಸಿದ್ದು ಉದಗೀರದ ಯುದ್ಧದಲ್ಲಿ. ಮರುವರ್ಷದ ಜನವರಿಯಲ್ಲಿ ಅದೇ ಭಾವೂ ಪಾಣಿಪತದಲ್ಲಿ ಮಡಿದರು. ಊರಿಗೆ ಹೆಸರು ಬರಲು ಕಾರಣರೆಂದು ಜನ ನಂಬುವ ಉದಯಗಿರಿ ಮಹಾರಾಜರ ಸಮಾಧಿಯೂ ಕೋಟೆಯೊಳಗಿದೆ. ಬೀದರ, ಭಾಲ್ಕಿಯ ಬಂಧುಗಳು ರೈಲಿನಲ್ಲಿಯೇ ಇಲ್ಲಿಗೆ ಬರಬಹುದು.

ನಿಲಂಗಾ ಕಡೆಯವರಿಗೆ ಖರೋಸಾ ಹತ್ತಿರ. ಔಸಾ ತಾಲೂಕಿನ ಈ ಗ್ರಾಮದ ಗುಡ್ಡದಲ್ಲಿ ಆರನೆಯ ಶತಮಾನದವೆಂದು ಹೇಳಲಾಗುವ ಗುಹೆಗಳಿವೆ. ನರಸಿಂಹ, ಶಿವ-ಪಾರ್ವತಿ, ಕಾರ್ತಿಕೇಯ, ರಾವಣ ಮೊದಲಾದ ಶಿಲ್ಪಗಳನ್ನು ಕಾಣಬಹುದು. ಜಂಬಿಟ್ಟಿಗೆಯಂಥ ಕಲ್ಲಾದ್ದರಿಂದ ಬಹಳ ಸವೆದಿವೆ. ಕೈಯಿಂದ ಮುಟ್ಟಿದರೂ ಹುಡಿ ಉದುರೀತು. ಮರಳುವಾಗ ನಿಲಂಗಾದ ನೀಲಕಂಠೇಶ್ವರ ದೇವಾಲಯವನ್ನು ನೋಡಬಹುದು. ಅದರ ಕಂಬ, ಗೋಡೆಗಳಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಕೈಕೆಲಸ ಕಾಣುತ್ತದೆ. ಆ ಅರಸರ ರಾಜಧಾನಿ ಇಂದಿನ ಬಸವಕಲ್ಯಾಣ ಇಲ್ಲಿಂದ ದೂರವೇನಲ್ಲ.

ಉಮರ್ಗಾದವರು ಸೊಲ್ಲಾಪುರ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋದರೆ ನಳದುರ್ಗ ಸಿಗುತ್ತದೆ. ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ ಬೋರಿ ನದಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನ ಹೊಟ್ಟೆಯೊಳಗೇ ಪಾಣಿ ಮಹಲ್ ಎಂಬ ಕೋಣೆಯಿದೆ. ಮಳೆಗಾಲದಲ್ಲಿ ನರ-ಮಾದಿ ಎಂಬ ಎರಡು ಧಾರೆಗಳಾಗಿ ನೀರು ಒಡ್ಡನ್ನು ದಾಟಿ ಧುಮುಕುವಾಗ, ಒಳಗೆ ನಿಂತವರ ಕಣ್ಣೆದುರು ನೀರಿನ ಪರದೆ ಇಳಿಯುತ್ತದೆ. ವಿಜಾಪುರದ ಗೋಳಗುಮ್ಮಟ ಕಂಡ ಮಗುವಿಗೆ ಅದೇ ಮನೆತನದ ಈ ಕೆಲಸವನ್ನೂ ತೋರಿಸಬೇಕು. ನೀರು ತುಂಬಿದ ದಿನ ರವಿವಾರದ ಜನಸಂದಣಿಯಲ್ಲಿ ಚಿಕ್ಕವರ ಕೈ ಬಿಡಬಾರದು.

ನಡೆಯಲು ಅಕ್ಟೋಬರ್‌ನಿಂದ ಫೆಬ್ರುವರಿವರೆಗಿನ ಕಾಲ ಉತ್ತಮ. ಮಳೆ ಬಂದ ಮರುದಿನ ಎರೆಮಣ್ಣಿನ ದಾರಿ ಬೇಡ. ಚಪ್ಪಲಿಗೆ ಮಣ್ಣು ಮೆತ್ತಿ ಒಂದೊಂದು ಹೆಜ್ಜೆಯೂ ಭಾರವಾಗುತ್ತದೆ, ಪಾಚಿಗಟ್ಟಿದ ಕಲ್ಲು ಜಾರುತ್ತದೆ. ಮಾರ್ಚ್ ನಂತರ ಬೆಳಗ್ಗೆ ಹತ್ತರೊಳಗೆ ಕೆಳಗಿಳಿದಿರಬೇಕು. ಮೇಲೆ ನೀರು ಸಿಕ್ಕೀತೆಂದು ನಂಬದೆ ಪ್ರತಿಯೊಬ್ಬರೂ ತಮ್ಮ ಬಾಟಲಿ ಒಯ್ಯಬೇಕು. ಜೋಳದ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಬುತ್ತಿ ಆದಂತೆಯೇ. ಗುಹೆ, ಬುರುಜುಗಳಲ್ಲಿ ಜೇನುಗೂಡು ಕಂಡರೆ ಸದ್ದು ಮಾಡದೆ ಹಿಂದೆ ಸರಿಯಬೇಕು. ಮಕ್ಕಳ ಕೈಯಲ್ಲಿ ಒಂದು ನೋಟ್‌ಬುಕ್ ಇರಲಿ: ತಂಗಡಿ, ಮುತ್ತುಗ, ಸೀತಾಫಲ, ಜಂಬಿಟ್ಟಿಗೆ ಇತ್ಯಾದಿ ಕಂಡದ್ದನ್ನೆಲ್ಲ ಮೊದಲು ಕನ್ನಡದಲ್ಲಿ ಬರೆಯಲಿ, ಪಕ್ಕದಲ್ಲಿ ಮರಾಠಿ ಹೆಸರು ಸೇರಿಸಲಿ.

ಬೆಟ್ಟಕ್ಕೆ ಹೋಗಲಾಗದ ಮನೆಗಳಿಗೆ ಎಳ್ಳಮಾವಾಸ್ಯೆ ಇದ್ದೇ ಇದೆ. ಲಾತೂರು, ಧಾರಾಶಿವ ಜಿಲ್ಲೆಗಳ ಮರಾಠಿ ಬಂಧುಗಳು ಅದನ್ನು ‘ವೇಳ ಅಮಾವಾಸ್ಯಾ’ ಎನ್ನುತ್ತಾರೆ. ಹಬ್ಬ ನಮ್ಮದೂ ಹೌದು, ಅವರದೂ ಹೌದು. ಅಂದು ಪೇಟೆಗಳು ಬರಿದಾಗಿ ಎಲ್ಲರೂ ಹೊಲದ ದಾರಿ ಹಿಡಿಯುತ್ತಾರೆ. ಭಜ್ಜಿ, ಅಂಬಲಿಯ ಊಟಕ್ಕೆ ಕರೆದವರ ಹೊಲಕ್ಕೆ ಮೋಟಾರ್ ಸೈಕಲ್ ಬಿಟ್ಟು, ಬದುವಿನ ಮೇಲೆ ಮಕ್ಕಳೊಡನೆ ನಡೆದೇ ಹೋಗಬೇಕು. ಸಂಜೆಯ ಎಸ್.ಟಿ. ಬಸ್ಸುಗಳು ಅಂದು ತುಂಬಿ ಬರುತ್ತವೆ. ಮರಳಲು ಸ್ವಲ್ಪ ಬೇಗ ಹೊರಡುವುದು ಒಳ್ಳೆಯದು.