ಬಂಕಾಪುರ ಸೀಮೆಗೆ ‘ಸ್ಮೈಲ್’ ಬಂದ ದಾರಿ

ಇಂಗ್ಲಿಷಿನ ‘ಸ್ಮೈಲ್’ ದನಿಯಿಲ್ಲದ ನಗೆ. ದನಿ ಹೊರಟರೆ ಅದು ‘ಲಾಫ್’. ಕನ್ನಡದಲ್ಲಿ ಎರಡಕ್ಕೂ ಒಂದೇ ಧಾತು: ನಗು. ‘ಆಕೆ ನಕ್ಕಳು’ ಎಂದಷ್ಟೇ ಹೇಳಿದರೆ ತುಟಿ ಅರಳಿತೋ ಸದ್ದು ಕೇಳಿಸಿತೋ ತಿಳಿಯದು. ‘ನೋಡಿ ನಕ್ಕರು’ ಎಂದರೆ ಗೇಲಿಯೂ ಆಯಿತು. ಮೊಗ್ಗು ಬಿರಿಯುವುದನ್ನೂ ಹಳೆಯ ಕನ್ನಡ ಇದೇ ಧಾತುವಿನಿಂದ ಹೇಳುತ್ತಿತ್ತು.

‘ಸ್ಮೈಲ್’ ಇಂಗ್ಲಿಷಿಗೂ ಹುಟ್ಟಿನಿಂದ ಬಂದ ಪದವಲ್ಲ. ಸುಮಾರು 1300ರ ಹೊತ್ತಿಗೆ, ಬಹುಶಃ ಸ್ಕ್ಯಾಂಡಿನೇವಿಯಾದ ಕಡೆಯಿಂದ, ಅದು ಆ ಭಾಷೆಯನ್ನು ಸೇರಿತು. ಅದಕ್ಕೂ ಮೊದಲು ಆ ಅರ್ಥದಲ್ಲಿ ಬಳಕೆಯಲ್ಲಿದ್ದದ್ದು ಇಂದಿನ ‘ಸ್ಮರ್ಕ್’ ಪದದ ಹಳೆಯ ರೂಪ. ಹೊಸ ಪದ ಬಂದ ಮೇಲೆ ಹಳೆಯದರ ಮಾನ ಹೋಯಿತು. ಈಗ ಅದಕ್ಕೆ ಕೊಂಕುನಗೆ, ಜಂಬದ ನಗೆ ಎಂಬ ಅರ್ಥವೇ ಉಳಿದಿದೆ. ‘ಗ್ರಿನ್’ ಇದಕ್ಕೆ ವಿರುದ್ಧವಾಗಿ ನಡೆಯಿತು. ನೋವಿಗೋ ಸಿಟ್ಟಿಗೋ ಹಲ್ಲು ತೋರಿಸುವುದು ಎಂಬಲ್ಲಿಂದ ಹೊರಟು ನಗೆಗೆ ಬಂದು ನಿಂತಿತು. ‘ಸ್ಮೈಲ್’ನ ಬೇರನ್ನು ಇನ್ನೂ ಹಿಂದಕ್ಕೆ ಅಗೆದರೆ ಸಂಸ್ಕೃತದ ‘ಸ್ಮಿ’ ಧಾತುವಿಗೆ ಅದು ದಾಯಾದಿ. ಅಂದರೆ ಕನ್ನಡ ಕವಿಗಳು ‘ಮಂದಸ್ಮಿತ’ ಎಂದು ಬರೆಯುತ್ತಿದ್ದ ಕಾಲಕ್ಕೇ ಈ ಪದದ ನೆಂಟ ಕನ್ನಡದ ಮನೆಯೊಳಗಿದ್ದ. ಭರತನ ನಾಟ್ಯಶಾಸ್ತ್ರವು ನಗೆಯನ್ನು ಆರು ಬಗೆ ಮಾಡಿ ಸ್ಮಿತವನ್ನು ಮೊದಲಿಗಿಡುತ್ತದೆ: ಕೆನ್ನೆ ತುಸು ಅರಳಬೇಕು, ಹಲ್ಲು ಕಾಣಬಾರದು. ಕೊನೆಯವು ಅಪಹಸಿತ, ಅತಿಹಸಿತ; ಅವು ಕೀಳುಪಾತ್ರಗಳ ಪಾಲು.

ಇನ್ನು ಈ ಪದ ಬಂದು ಸೇರಿದ ಸೀಮೆಯ ಮಾತು. ಈಗಿನ ಶಿಗ್ಗಾಂವ ತಾಲೂಕು ಬ್ರಿಟಿಷರ ಕಾಲದಲ್ಲಿ ಬಂಕಾಪುರ ತಾಲೂಕು ಎನಿಸಿತ್ತು; ಕಚೇರಿ ಮಾತ್ರ ಶಿಗ್ಗಾಂವದಲ್ಲೇ ಇತ್ತು. ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಸೀಮೆ 1956ರಲ್ಲಿ ಮೈಸೂರು ರಾಜ್ಯಕ್ಕೆ, 1997ರಲ್ಲಿ ಹೊಸ ಹಾವೇರಿ ಜಿಲ್ಲೆಗೆ ಬಂತು. ಇಲ್ಲಿನ ಆಡುಮಾತಿನಲ್ಲಿ ನಗೆ ‘ನಗಿ’, ಮುಖ ‘ಮಾರಿ’. ಸದಾ ನಗುತ್ತಿರುವವರದು ನಗಿಮಾರಿ. ತಮಾಷೆಗೆ ನಗಿಚಾಟಿಗಿ, ಚಾಷ್ಟಿ. ಒಳಗೊಳಗೇ ನಕ್ಕರೆ ಮುಸಿಮುಸಿ, ಸಲ್ಲದ ಹೊತ್ತಲ್ಲಿ ನಕ್ಕರೆ ‘ಹಲ್ಲ ಕಿಸೀಬ್ಯಾಡ’, ದೊಡ್ಡವರೆದುರು ಕೆಲಸ ಗಿಟ್ಟಿಸಲು ನಕ್ಕರೆ ಹಲ್ಲುಗಿಂಜುವುದು. ಮುಗುಳ್ನಗೆ, ಕಿರುನಗೆ, ನಸುನಗೆ ಪುಸ್ತಕದ ಮಾತುಗಳು. ಹೊಲದಲ್ಲಿ, ಸಂತೆಯಲ್ಲಿ ಅವು ಕಿವಿಗೆ ಬೀಳುವುದು ಕಡಿಮೆ. ಆಡುಮಾತಿನಲ್ಲಿ ಹೆಸರು ಪಡೆದ ನಗೆಗಳಲ್ಲಿ ಹೆಚ್ಚಿನವು ಆಕ್ಷೇಪದವು ಎಂಬುದನ್ನು ಗಮನಿಸಬೇಕು. ‘ನಗುವ ಹೆಂಗಸನ್ನು, ಅಳುವ ಗಂಡಸನ್ನು ನಂಬಬಾರದು’ ಎಂಬ ಗಾದೆಯ ಬಿಗಿಯೂ ಅದೇ.

ಇಂಗ್ಲಿಷ್ ಪದಗಳನ್ನು ಕನ್ನಡಕ್ಕೆ ಹೊಂದಿಸುವ ಕೆಲಸ ಮೊದಲು ನಡೆದದ್ದು ನಿಘಂಟುಗಳಲ್ಲಿ. ವಿಲಿಯಂ ರೀವ್‌ನ ಇಂಗ್ಲಿಷ್-ಕನ್ನಡ ಕೋಶ 1824ರಲ್ಲಿ ಬಂತು. 1853ರಲ್ಲಿ ಬಾಸೆಲ್ ಮಿಶನ್ ಪರವಾಗಿ ಬಂದು ಹುಬ್ಬಳ್ಳಿ-ಧಾರವಾಡದ ಕಡೆ ಇದ್ದು ಕನ್ನಡ ಕಲಿತ ಫರ್ಡಿನಾಂಡ್ ಕಿಟೆಲ್ 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ಕೋಶವನ್ನು ಮಂಗಳೂರಿನಲ್ಲಿ ಹೊರತಂದ. ‘ನಗು’ ಎಂಬ ಒಂದು ಪದಕ್ಕೆ ಅವನು ಲಾಫ್, ಸ್ಮೈಲ್ ಎರಡನ್ನೂ ಕೊಡಬೇಕಾಯಿತು, ಗೇಲಿಯ ಅರ್ಥವನ್ನೂ ಸೇರಿಸಬೇಕಾಯಿತು. ಅತ್ತ ಡೆಪ್ಯುಟಿ ಚನ್ನಬಸಪ್ಪನವರು ಶೇಕ್ಸ್‌ಪಿಯರನ ‘ಕಾಮಿಡಿ ಆಫ್ ಎರರ್ಸ್’ ನಾಟಕವನ್ನು 1871ರಲ್ಲಿ ‘ನಗದವರನ್ನು ನಗಿಸುವ ಕಥೆ’ಯಾಗಿ ಮಾಡಿದ್ದರು. ಧಾರವಾಡ ಸೀಮೆಯ ಓದುಗರಿಗೆ ಶೇಕ್ಸ್‌ಪಿಯರ್ ಹೀಗೆ ನಗೆಯ ಬಾಗಿಲಿನಿಂದಲೇ ಬಂದ. ಇದೇ ಸೀಮೆಯ ಶಿಶುವಿನಾಳದ ಶರೀಫರು ಮುಲ್ಕಿ ಪರೀಕ್ಷೆ ಪಾಸಾಗಿ ಮಾಸ್ತರಿಕೆ ಮಾಡಿದ್ದು ಇದೇ ಶತಮಾನದ ಕನ್ನಡ ಶಾಲೆಗಳಲ್ಲಿ. ಪಕ್ಕದ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ. ಕೃ. ಗೋಕಾಕರು ಆಕ್ಸ್‌ಫರ್ಡಿನಲ್ಲಿ ಓದಿ ಇಂಗ್ಲಿಷ್ ಪ್ರಾಧ್ಯಾಪಕರಾದರು. ಮುಂದೆ ಹೈದರಾಬಾದಿನ ಕೇಂದ್ರ ಇಂಗ್ಲಿಷ್ ಸಂಸ್ಥೆಯನ್ನೂ ನಡೆಸಿದರು. ಇಷ್ಟಾದರೂ ‘ಸ್ಮೈಲ್’ ಹಳ್ಳಿಯವರ ಬಾಯಿಗೆ ಬಂದದ್ದು ಕೋಶದಿಂದಲೂ ಅಲ್ಲ, ಪಾಠದಿಂದಲೂ ಅಲ್ಲ.

ತಂದವರು ಫೋಟೋ ತೆಗೆಯುವವರು. 1839ರ ಆರಂಭದ ತಂತ್ರದಲ್ಲಿ ಕ್ಯಾಮೆರಾದೆದುರು ನಿಮಿಷಗಟ್ಟಲೆ ಅಲುಗಾಡದೆ ಕೂರಬೇಕಿತ್ತು. ಅಷ್ಟು ಹೊತ್ತು ನಗೆಯನ್ನು ಹಿಡಿದಿಡುವುದು ಆಗದ ಮಾತು. ಒಣ ಗಾಜುಫಲಕ ಬಂದ ಮೇಲೆ ಆ ಅಡ್ಡಿ ಹೋಯಿತು, ಬಿಗಿದ ಮಾರಿ ಹೋಗಲಿಲ್ಲ. ಬಾಗಿಲ ಮೇಲೆ ಕಟ್ಟು ಹಾಕಿಸಿ ತೂಗಿದ ಹಳೆಯ ಪಟಗಳಲ್ಲಿ ಹಿರಿಯರು ಕುರ್ಚಿಯಲ್ಲಿ ಕೂತು, ಎರಡೂ ಕೈ ಮೊಣಕಾಲ ಮೇಲಿಟ್ಟು, ತುಟಿ ಬಿಗಿಹಿಡಿದಿರುತ್ತಾರೆ. ಅದನ್ನು ತಂತ್ರದ ತಲೆಗೆ ಕಟ್ಟುವುದು ಸರಿಯಲ್ಲ. ಪಟ ಎಂಬುದು ಮರ್ಯಾದೆಯ ದಾಖಲೆಯಾಗಿತ್ತು, ಅದರಲ್ಲಿ ಹಲ್ಲು ಕಿಸಿಯುವ ಮಾತೇ ಇರಲಿಲ್ಲ. ಮದುಮಗಳ ಮಟ್ಟಿಗಂತೂ ತಲೆ ಬಾಗಿದಷ್ಟೂ ಚೆಂದ. ಪೇಟೆಯ ಸ್ಟುಡಿಯೋ, ಜಾತ್ರೆಯಲ್ಲಿ ತಾಜಮಹಲಿನ ಪರದೆ ಕಟ್ಟುವ ಫೋಟೋದವ, ಆಮೇಲೆ ಮದುವೆಯ ವಿಡಿಯೋ: ಇವರೆಲ್ಲರ ‘ಸ್ಮೈಲ್ ಪ್ಲೀಸ್’ ಈ ಬಿಗಿಯನ್ನು ಸಡಿಲಿಸಿತು. ಅಜ್ಜಿಗೆ ಆ ಮಾತು ಅರ್ಥವಾಗದಿದ್ದರೆ ಪಕ್ಕದಲ್ಲಿದ್ದವರು ‘ನಗಬೇ’ ಎನ್ನುತ್ತಿದ್ದರು.

ಸರಕಾರಿ ಕನ್ನಡ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಗೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ಮೊಬೈಲು ಎಲ್ಲರ ಕೈಗೂ ಬಂತು. ಈಗ ಪದ ಎರಡು ಬಗೆಯಲ್ಲಿ ಬಳಕೆಯಲ್ಲಿದೆ. ‘ಸ್ಮೈಲ್ ಮಾಡು’ ಎಂದರೆ ಕ್ಯಾಮೆರಾಕ್ಕೆ ನಗು ಎಂದಷ್ಟೆ. ‘ಸ್ಮೈಲ್ ಕೊಟ್ಟಳು’ ಎಂದು ಹುಡುಗರು ಹೇಳಿದರೆ ಅದರಲ್ಲಿ ಒಲವಿನ ಸೂಚನೆ ಇದೆ. ತಾಯಿ ಮಗುವನ್ನು ನೋಡಿ ನಗುವುದಕ್ಕಾಗಲಿ, ಎದುರು ಸಿಕ್ಕ ಪರಿಚಯದವರಿಗೆ ನಗುವುದಕ್ಕಾಗಲಿ ಈ ಪದ ಯಾರ ಬಾಯಲ್ಲೂ ಬರುವುದಿಲ್ಲ. ಇಂಗ್ಲಿಷಿನಲ್ಲಿ ಅದಕ್ಕಿರುವ ಹರವು ಇಲ್ಲಿಗೆ ಬರುವಾಗ ಸೊರಗಿದೆ.

ಮುಗುಳ್ನಗೆ ಎಂಬ ಪುಸ್ತಕದ ಪದವನ್ನು ಜನರ ಬಾಯಿಗೆ ತುಸು ಹತ್ತಿರ ತಂದದ್ದು ಸಿನಿಮಾ. ಹಾನಗಲ್ಲ ತಾಲೂಕಿನ ತಿಳವಳ್ಳಿಯಲ್ಲಿ ಬೆಳೆದ ಯೋಗರಾಜ ಭಟ್ಟರು 2017ರಲ್ಲಿ ತೆರೆಗೆ ತಂದ ಚಿತ್ರದ ಹೆಸರು ‘ಮುಗುಳು ನಗೆ’.