ದುಶ್ಚಟಗಳ ಭಿಕ್ಷೆ: ಹೆಂಡದ ಮಾರಯ್ಯನವರಿಂದ ಮಹಾಂತ ಜೋಳಿಗೆಯವರೆಗೆ

ಕನ್ನಡ ನಾಡಿನ ಮಠಗಳ ಇತಿಹಾಸದಲ್ಲಿ ಜೋಳಿಗೆಗೆ ವಿಶೇಷವಾದ ಸ್ಥಾನವಿದೆ. ಸುಗ್ಗಿಯ ದಿನಗಳಲ್ಲಿ ಭಕ್ತರ ಕಣದಿಂದ ಜೋಳ, ಗೋಧಿ, ಕಡಲೆಗಳು ಜೋಳಿಗೆಗೆ ಬೀಳುತ್ತಿದ್ದವು. ಅದೇ ಕಾಳು ಪ್ರಸಾದನಿಲಯಗಳಲ್ಲಿ ಬಡ ವಿದ್ಯಾರ್ಥಿಗಳ ಅನ್ನವಾಗುತ್ತಿತ್ತು. ಇಂತಹ ಜೋಳಿಗೆಯು 1975ರಲ್ಲಿ ಇಳಕಲ್ಲಿನಲ್ಲಿ ಅದುವರೆಗೆ ಯಾರೂ ಬೇಡದಿದ್ದ ಭಿಕ್ಷೆಯನ್ನು ಬೇಡಿತು. ಚಿತ್ತರಗಿ-ಇಳಕಲ್ಲ ಶ್ರೀ ವಿಜಯಮಹಾಂತೇಶ್ವರ ಮಠದ ಪೂಜ್ಯ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಯ ಬಾಗಿಲಿಗೆ ಬಂದು ಕುಡಿತ, ತಂಬಾಕು, ಜೂಜುಗಳನ್ನೇ ಭಿಕ್ಷೆಯಾಗಿ ನೀಡಿರೆಂದು ಕೇಳಿದರು. ಅದೇ ಮುಂದೆ ‘ಮಹಾಂತ ಜೋಳಿಗೆ’ ಎಂದು ನಾಡಿನಲ್ಲೆಲ್ಲ ಹೆಸರಾಯಿತು.

ಕಲ್ಯಾಣದ ಬೇರು

ಈ ಕಾರ್ಯದ ಬೇರು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿದೆ. ಬಸವಾದಿ ಶರಣರ ಸಮೂಹದಲ್ಲಿ ಹೆಂಡದ ಮಾರಯ್ಯ ಎಂಬ ಶರಣರಿದ್ದರು. ಹೆಸರೇ ಹೇಳುವಂತೆ ಹೆಂಡ ಮಾರುವುದು ಅವರ ವೃತ್ತಿಯಾಗಿತ್ತು. ‘ಧರ್ಮೇಶ್ವರಲಿಂಗ’ ಎಂಬ ಅಂಕಿತದಲ್ಲಿ ಅವರ ಕೆಲವು ವಚನಗಳು ದೊರೆತಿವೆ. ತಮ್ಮ ವೃತ್ತಿಯ ಪರಿಭಾಷೆಯಲ್ಲಿಯೇ ಅವರು ಅನುಭಾವವನ್ನು ಅರುಹಿದ್ದಾರೆ. ಕುಡಿಯಲು ಬಂದವರಿಗೆ ಕುಡಿತದ ಕೇಡನ್ನು ತಿಳಿಹೇಳಿ, ಅವರನ್ನು ಸನ್ಮಾರ್ಗಕ್ಕೆ ತಿರುಗಿಸುತ್ತಿದ್ದರೆಂದು ಪರಂಪರೆ ಅವರನ್ನು ಸ್ಮರಿಸುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಶರಣರು ವ್ಯಸನಿಯನ್ನು ಹೊರಗೆ ನಿಲ್ಲಿಸಿ ನಿಂದಿಸಲಿಲ್ಲ. ಅವನು ನಿಂತಲ್ಲಿಗೇ ಹೋಗಿ ಕೈಹಿಡಿದರು. ಬಳಿಕ ಅವನಿಗೆ ದಿನಚರಿಯೊಂದನ್ನು ಕೊಟ್ಟರು. ನಿತ್ಯದ ಇಷ್ಟಲಿಂಗಪೂಜೆ, ಬೆವರು ಸುರಿಸುವ ಕಾಯಕ, ಪ್ರಸಾದವೆಂದು ಮಿತವಾಗಿ ಸ್ವೀಕರಿಸುವ ಆಹಾರ, ಸಂಜೆಯ ಅನುಭಾವಗೋಷ್ಠಿ. ಇವು ಆತ್ಮೋನ್ನತಿಯ ಸಾಧನಗಳು; ದೇಹದ ಆರೋಗ್ಯವನ್ನೂ ಅವು ಕಾಯುತ್ತಿದ್ದವು. ಪಂಚಾಚಾರಗಳಲ್ಲಿ ಸದಾಚಾರವನ್ನು ಸೇರಿಸಿದ ಶರಣರಿಗೆ ನಡೆ ಬದಲಾಗದೆ ನುಡಿಗೆ ಬೆಲೆಯಿಲ್ಲವೆಂಬ ಅರಿವು ಸ್ಪಷ್ಟವಾಗಿತ್ತು.

ಕಾಯ್ದೆ ಬಂದಿತು, ಹೋಯಿತು

ಇಳಕಲ್ಲು ಒಳಗೊಂಡಿದ್ದ ಅಂದಿನ ವಿಜಾಪುರ ಜಿಲ್ಲೆಯು 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಲ್ಲಿ 1949ರ ಪಾನನಿರೋಧ ಕಾಯ್ದೆ ಜಾರಿಯಲ್ಲಿತ್ತು. ಭಾರತದ ಸಂವಿಧಾನದ 47ನೆಯ ವಿಧಿಯೂ ಪಾನನಿರೋಧಕ್ಕೆ ಯತ್ನಿಸುವಂತೆ ಸರ್ಕಾರಗಳಿಗೆ ನಿರ್ದೇಶಿಸಿದೆ. ಆದರೆ ಏಕೀಕರಣದ ನಂತರ, 1960ರ ದಶಕದ ಉತ್ತರಾರ್ಧದಲ್ಲಿ, ಮೈಸೂರು ರಾಜ್ಯವು ಪಾನನಿರೋಧವನ್ನು ಕೈಬಿಟ್ಟಿತು. ಹಳ್ಳಿಹಳ್ಳಿಗೆ ಸಾರಾಯಿ ಅಂಗಡಿಗಳು ಬಂದವು. ದಿನದ ಕೂಲಿ ಸಂಜೆಯಾಗುವುದರೊಳಗೆ ಅಂಗಡಿಯ ಪಾಲಾದರೆ ಮನೆಯಲ್ಲಿ ಒಲೆ ಉರಿಯುವುದು ಹೇಗೆ? ಉತ್ತರ ಹೇಳಬೇಕಾದವಳು ಆ ಮನೆಯ ತಾಯಿ.

ಮುಂದೆ 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಉಳಿದ ಮದ್ಯಗಳು ಉಳಿದವು. 2013ರಲ್ಲಿ ಗುಟಕಾ ನಿಷೇಧವಾಯಿತು; ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಮಾರಾಟಕ್ಕೆ ಬಂದವು. ಕಾಯ್ದೆಯಿಂದ ಉಪಕಾರವಿಲ್ಲವೆಂದಲ್ಲ. ಅಂಗಡಿಯ ಬಾಗಿಲನ್ನು ಮುಚ್ಚಿಸುವ ಶಕ್ತಿ ಅದಕ್ಕಿದೆ. ಮನಸ್ಸಿನ ಬಾಗಿಲನ್ನು ಮಾತ್ರ ಒಳಗಿರುವವನೇ ಮುಚ್ಚಬೇಕು.

ಜೋಳಿಗೆ ಮಾಡಿದ ಕೆಲಸ

ಮಹಾಂತ ಜೋಳಿಗೆ ಹೃದಯವನ್ನು ಮುಟ್ಟಿದ್ದು ಈ ಕಾರಣದಿಂದಲೇ. ಬಾಗಿಲಿಗೆ ಬಂದ ಜಂಗಮನನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬುದು ಭಕ್ತನ ಮನೆಯ ಸಂಸ್ಕಾರ. ಪೂಜ್ಯರು ಕಾಸನ್ನು ಕೇಳಲಿಲ್ಲ, ಕಾಳನ್ನು ಕೇಳಲಿಲ್ಲ. ಭಕ್ತನನ್ನು ಕೊಲ್ಲುತ್ತಿದ್ದುದನ್ನೇ ಕೇಳಿದರು. ಬೀಡಿಯ ಕಟ್ಟು, ತಂಬಾಕಿನ ಚೀಟಿ ಜೋಳಿಗೆಗೆ ಬಿದ್ದವು. ಅದರೊಡನೆ ಮತ್ತೆ ಮುಟ್ಟುವುದಿಲ್ಲವೆಂಬ ಪ್ರತಿಜ್ಞೆಯೂ ಬಿದ್ದಿತು. ಜಾತಿ ಮತಗಳ ಭೇದವಿಲ್ಲದೆ ಜನ ಈ ಭಿಕ್ಷೆಯನ್ನು ನೀಡಿದರು.

ಗುಟ್ಟಾಗಿ ಬಿಟ್ಟ ಚಟವು ಗುಟ್ಟಾಗಿಯೇ ಮರಳುತ್ತದೆ. ಹೆಂಡತಿ ಮಕ್ಕಳ ಎದುರು, ಓಣಿಯ ಜನರ ಎದುರು, ಗುರುವಿನ ಜೋಳಿಗೆಗೆ ಹಾಕಿದ್ದನ್ನು ಮರಳಿ ತೆಗೆದುಕೊಳ್ಳುವುದು ಸುಲಭವಲ್ಲ. ಕೊಟ್ಟ ಭಿಕ್ಷೆಯನ್ನು ಕಿತ್ತುಕೊಂಡವರುಂಟೆ? ಅಂದಿನಿಂದ ಆ ಮನೆಯವರು, ನೆರೆಯವರು ಆ ಪ್ರತಿಜ್ಞೆಗೆ ಸಾಕ್ಷಿಗಳಾಗುತ್ತಾರೆ, ಕಾವಲುಗಾರರೂ ಆಗುತ್ತಾರೆ.

1930ರ ಆಗಸ್ಟ್ 1ರಂದು ಜನಿಸಿದ ಪೂಜ್ಯರು 2018ರ ಮೇ 19ರಂದು ಲಿಂಗೈಕ್ಯರಾದರು. ಅವರ ಜನ್ಮದಿನವನ್ನು ಕರ್ನಾಟಕ ಸರ್ಕಾರವು ವ್ಯಸನಮುಕ್ತ ದಿನವೆಂದು ಘೋಷಿಸಿತು. ಹೆಂಡದ ಮಾರಯ್ಯನವರು ಒಬ್ಬೊಬ್ಬರಿಗೆ ತಿಳಿಹೇಳಿದ ಕಾರ್ಯ ಎಂಟು ಶತಮಾನಗಳ ಬಳಿಕ ಊರೂರಿನ ಕಾರ್ಯವಾಯಿತು.

ಬಿಟ್ಟದ್ದು ಉಳಿಯಬೇಕಾದರೆ

ಚಟವನ್ನು ಬಿಟ್ಟ ದೇಹವು ತಡಮಾಡದೆ ಚೇತರಿಸಿಕೊಳ್ಳತೊಡಗುತ್ತದೆಂದು ವೈದ್ಯವಿಜ್ಞಾನ ಹೇಳುತ್ತದೆ. ಧೂಮಪಾನ ನಿಲ್ಲಿಸಿದ 20 ನಿಮಿಷಗಳಲ್ಲಿ ನಾಡಿಯ ವೇಗ ಇಳಿಯುತ್ತದೆ. 12 ಗಂಟೆಗಳಲ್ಲಿ ರಕ್ತದಲ್ಲಿನ ಕಾರ್ಬನ್ ಮೊನಾಕ್ಸೈಡ್ ಸಹಜ ಮಟ್ಟಕ್ಕೆ ಬರುತ್ತದೆ. ಒಂದು ವರ್ಷ ಕಳೆದರೆ, ಧೂಮಪಾನದಿಂದ ಹೆಚ್ಚಿದ್ದ ಹೃದ್ರೋಗದ ಅಪಾಯವು ಅರ್ಧದಷ್ಟು ತಗ್ಗುತ್ತದೆ. ಆದರೆ ಬಹುಕಾಲ ವಿಪರೀತ ಕುಡಿದವರು ಒಮ್ಮೆಗೇ ನಿಲ್ಲಿಸಿದಾಗ ನಡುಕ, ಸೆಳವು, ಬುದ್ಧಿಭ್ರಮೆಗಳು ಬರಬಹುದು. ಅಂಥವರು ವೈದ್ಯರ ನೆರವಿನಿಂದಲೇ ಬಿಡಬೇಕು. ಅದು ಸಂಕಲ್ಪದ ಕೊರತೆಯಲ್ಲ, ವಿವೇಕ.

ಬಿಟ್ಟ ಜಾಗ ಬರಿದಾಗಿ ಉಳಿದರೆ ಹಳೆಯ ಚಟ ಮತ್ತೆ ಬಂದು ಕೂರುತ್ತದೆ. ಶರಣರ ದಿನಚರಿ ನೆರವಿಗೆ ಬರುವುದು ಇಲ್ಲಿಯೇ. ಸಾರಾಯಿ ಅಂಗಡಿಯ ಹೊತ್ತಿನಲ್ಲಿ ಸತ್ಸಂಗವಿರಲಿ. ಬೀಡಿ ಸೇದುತ್ತಿದ್ದ ಮುಂಜಾವಿನಲ್ಲಿ ಲಿಂಗಪೂಜೆಯಿರಲಿ. ಕುಳಿತೇ ದುಡಿಯುವ ಇಂದಿನ ಕಾಯಕಜೀವಿಗೆ ದಿನಕ್ಕೆ ಅರ್ಧ ಗಂಟೆಯ ನಡಿಗೆಯಿರಲಿ. ಊಟದಲ್ಲಿ ಉಪ್ಪು ದಿನಕ್ಕೆ 5 ಗ್ರಾಂ ಮೀರದಿರಲೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ರಸಾದವೆಂದು ಉಣ್ಣುವವನಿಗೆ ಈ ಮಿತಿ ಭಾರವೆನಿಸದು.

ನಡೆಯುವವನು ಎಡವುವುದು ಸಹಜ. ಒಂದು ದಿನ ಪೂಜೆ ತಪ್ಪಿತೆಂದು ಭಕ್ತನು ಲಿಂಗವನ್ನೇ ಬಿಡುವುದಿಲ್ಲ. ಮರುದಿನ ಮತ್ತೆ ಕುಳಿತುಕೊಳ್ಳುತ್ತಾನೆ. ಪ್ರತಿಜ್ಞೆಯ ರೀತಿಯೂ ಅದೇ. ಎಡವಿದವನನ್ನು ಹಂಗಿಸದೆ ಎತ್ತಿ ನಿಲ್ಲಿಸುವುದು ಮನೆಯವರ ಧರ್ಮ, ಊರವರ ಧರ್ಮ.

ಆ ಜೋಳಿಗೆ ಇಂದಿಗೂ ಪ್ರತಿಯೊಬ್ಬರ ಬಾಗಿಲಲ್ಲಿ ನಿಂತಿದೆ. ಅದಕ್ಕೆ ಏನನ್ನು ಹಾಕಬೇಕೆಂಬುದು ಅವರವರ ಅಂತರಂಗಕ್ಕೆ ತಿಳಿದಿದೆ. ಭಿಕ್ಷೆ ನೀಡಲು ನಾಳೆಯವರೆಗೆ ಕಾಯಿಸದಿರುವುದೇ ಲೇಸು.